ಬಾಗಿಲ ಮೇಲಿನ ಸೊನ್ನೆ

ಏಳನೇ ಸಾಲು, ಮನೆ ೧೪
ಜನವರಿ ೯

ಪುಟ್ಟೀ,

ನೀನು ಕಳಿಸಿದ ಸಮೀಕ್ಷೆಯ ಫಾರಂಗಳನ್ನು ತುಂಬಿ ಮುಗಿಸಿದೆವು. ಮುದುಡದ ಹಾಗೆ ಎರಡು ರಟ್ಟಿನ ನಡುವೆ ಕಟ್ಟಿ ಈ ಕಾಗದದ ಜೊತೆಗೇ ಕಳಿಸುತ್ತಿದ್ದೇನೆ. ಫೋಟೋ ಹಿಡಿದು ಫೋನಿನಲ್ಲಿ ಕಳಿಸಿದ್ದರೆ ಸಾಕಿತ್ತು ಅಂದೆಯಂತೆ, ಪಕ್ಕದ ಮನೆಯ ಬಾಯಿಬಡುಕಿ, ನಮ್ಮ ರೇಡಿಯೋ ಹೇಳಿದಳು. ಫೋನು ನನಗೆ ಆಗಿಬರುವುದಿಲ್ಲ ಕಣೆ. ಮಾತಾಡೋಣ ಅಂದರೆ ಕಿವಿಯನ್ನು ಮಗ್ಗಗಳು ತಿಂದುಹಾಕಿವೆ. ಬರೆಯೋಣ ಅಂದರೆ ಇಪ್ಪತ್ತೆರಡು ವರ್ಷ ನೂಲು ಉಜ್ಜಿ ನುಣ್ಣಗಾದ ನನ್ನ ಬೆರಳನ್ನು ಆ ಗಾಜು ಬೆರಳು ಅಂತಲೇ ಒಪ್ಪುವುದಿಲ್ಲ. ಕಾಗದಕ್ಕೆ ಅಂಥ ಬಿಗುಮಾನವಿಲ್ಲ.

ಮಿಲ್ಲಿನ ಹಳೇ ಕ್ಯಾಂಟೀನು ತೆರೆದೆವು. ಮಿಲ್ಲು ಮುಚ್ಚಿದ ದಿನ ಬಿದ್ದ ಬೀಗ, ಹನ್ನೊಂದು ವರ್ಷ ಯಾರೂ ಮುಟ್ಟಿರಲಿಲ್ಲ. ಒಳಗೆ ಮೊಣಕಾಲುದ್ದ ಪಾರಿವಾಳದ ಹಿಕ್ಕೆ. ಮೂರು ಭಾನುವಾರ ನಮ್ಮ ಮಿಲ್ಲು ಮನೆಗಳ ಮೂರೂ ಸಾಲಿನವರು ಗುಡಿಸಿದರು, ತೊಳೆದರು, ಕೆಮ್ಮಿದರು. ಈಗ ಅಲ್ಲಿ ನಾಲ್ಕು ಹೊಲಿಗೆ ಯಂತ್ರ ಇವೆ, ಕೆಟ್ಟ ಮಿಕ್ಸಿ-ಫ್ಯಾನು ರಿಪೇರಿಗೆ ಒಂದು ಮೇಜು ಇದೆ, ಓದಲು ಎರಡು ಬೆಂಚು. ಹಿಂದಿನ ಬೂದಿಗುಡ್ಡೆಯನ್ನು ತೆಗೆದು ಮಣ್ಣು ಹಾಕಿ ಸೊಪ್ಪು ಬಿತ್ತಿದ್ದೇವೆ. ಬ್ರೆಡ್ ಮಾವ ನಿಂತು ನೋಡಿ, "ಮಿಲ್ಲು ನಡೀವಾಗ ಈ ಕ್ಯಾಂಟೀನು ಇಷ್ಟು ಚೊಕ್ಕ ಇರ್ಲಿಲ್ಲ ಬಿಡಮ್ಮ" ಅಂದ. ಅವನನ್ನು ಮರೆತಿಲ್ಲ ತಾನೇ? ಆರನೇ ಸಾಲಿನ ಮೂಲೆ ಮನೆ. ಸಂಜೆ ಬೇಕರಿಗೆ ಹೋದರೆ ಬೆಳಿಗ್ಗೆ ಮೈಯೆಲ್ಲ ಹಿಟ್ಟು ಮಾಡಿಕೊಂಡು ಬರುತ್ತಾನೆ.

ನೀನು ಬರೆದ ಹಾಗೆ ಮನೆ ಮನೆ ಸುತ್ತಿ ಕೇಳಿದೆವು. ನಾನು, ರೇಡಿಯೋ, ನಾಲ್ಕನೇ ಮನೆಯ ದಾದಿಯ ತಾಯಿ. ನೂರಾ ಮೂವತ್ತಾರು ಮನೆ. ಸೊನ್ನೆ ಇದ್ದ ಬಾಗಿಲನ್ನು ತಟ್ಟಲಿಲ್ಲ, ಫಾರಂನಲ್ಲೂ ಅದೇ ಗುರುತು ಹಾಕಿ ಮುಂದೆ ಹೋದೆವು. ನಮ್ಮ ಮನೆಯ ಮುಂದೆ ಬಂದಾಗ ರೇಡಿಯೋ ಪೆನ್ಸಿಲು ಎತ್ತಿ, "ಹದಿನಾಲ್ಕನೇ ಮನೆ. ಸೊನ್ನೆ" ಅಂದಳು.

"ಏಯ್, ನಾನು ಇಲ್ಲೇ ನಿಂತಿದ್ದೀನಲ್ಲೇ!"

"ನಿನ್ನ ಬಾಗಿಲ ಮೇಲೆ ಸೊನ್ನೆ ಇದೆಯೋ ಇಲ್ವೋ?"

"ಇದೆ. ಬೆಳಿಗ್ಗೆ ಆಸ್ಪತ್ರೆ ರಾತ್ರಿ ಪಾಳಿ ಮುಗಿಸ್ಕೊಂಡು ಬಂದು ಹಾಕ್ದೆ. ಮಲಗೋಣ ಅನ್ನೋಷ್ಟರಲ್ಲಿ ನೀನೇ ಎಳ್ಕೊಂಡು ಬಂದೆ."

"ಹಾಗಾದ್ರೆ ನೀನು ಮಲಗಿದ್ದೀಯ. ಮಲಗಿರೋರನ್ನ ಮಾತಾಡ್ಸೋ ಹಾಗಿಲ್ಲ. ನಿಯಮ ಅಂದ್ರೆ ನಿಯಮ."

ದಾದಿಯ ತಾಯಿ ನಕ್ಕು ನಕ್ಕು ನಮ್ಮ ಮೆಟ್ಟಿಲ ಮೇಲೆ ಕೂತುಬಿಟ್ಟಳು. ನನಗೂ ನಗು. ಹಾಗೆ ನಮ್ಮ ಮನೆಗೂ ಸೊನ್ನೆ ಬಿತ್ತು. ಒಟ್ಟು ನಲವತ್ತೊಂದು. ನಿನಗೆ ಅವಸರವಿದ್ದರೆ ಇರುವುದರಲ್ಲೇ ಶುರು ಮಾಡು. ಅವರನ್ನು ಒಂದು ಭಾನುವಾರ ಹಿಡಿದು ಕೇಳಿ ಆಮೇಲೆ ಕಳಿಸುತ್ತೇನೆ. ಬೇಕು ಅಂತ ಒಂದು ಸಾಲು ಬರೆ.

ಈ ಸಲ ಮನೆಗಳಿಗೆ ಹೊಸ ಚಾವಣಿ ಬರುತ್ತದೆ ಅಂತ ಎಲ್ಲರೂ ನಿನ್ನ ಹೆಸರು ಹೇಳುತ್ತಿದ್ದಾರೆ. ನಾನೂ ಸ್ವಲ್ಪ ಎದೆಯುಬ್ಬಿಸಿಕೊಂಡು ಓಡಾಡುತ್ತಿದ್ದೇನೆ, ಬೈಯಬೇಡ.

ನಿನ್ನ
ಅಕ್ಕ


ಫೆಬ್ರವರಿ ೩

ಅಕ್ಕಾ,

ತಡವಾಗಿ ಬರೆಯುತ್ತಿದ್ದೇನೆ. ನಿನ್ನ ಕಟ್ಟು ಬಂದಾಗ ಆಫೀಸಿನಲ್ಲಿ ಉಸಿರಾಡಲೂ ಪುರುಸೊತ್ತಿರಲಿಲ್ಲ. ನಿನ್ನ ಕಾಗದವನ್ನು ಬಸ್ಸಿನಲ್ಲಿ ನಿಂತುಕೊಂಡು ಓದಿದೆ. ಪಾರಿವಾಳದ ಹಿಕ್ಕೆಯವರೆಗೆ ಬಂದಾಗ ಒಬ್ಬಳೇ ನಕ್ಕೆ, ಪಕ್ಕದವರು ತಿರುಗಿ ನೋಡಿದರು.

ವರದಿ ಕಳೆದ ವಾರ ಮಿಲ್ಲಿನ ಆಸ್ತಿ ಮಂಡಳಿಗೆ ಹೋಯಿತು. ನಾನು ಹದಿನೇಳು ವರ್ಷಗಳಿಂದ ಊರುಗಳ ಬಗ್ಗೆ ವರದಿ ಬರೆಯುತ್ತಿದ್ದೇನೆ. ಇಷ್ಟು ಮನಸ್ಸಿಟ್ಟು ಬರೆದದ್ದು ಇದೇ ಮೊದಲು. ಕ್ಯಾಂಟೀನಿನ ಬಗ್ಗೆ ಎರಡು ಪುಟ ಬರೆದೆ. ‘ಜನರೇ ಎಬ್ಬಿಸಿದ ಬಡಾವಣೆ’ ಎಂದು ಅಧ್ಯಾಯಕ್ಕೆ ಹೆಸರಿಟ್ಟೆ. ನಮ್ಮ ಮ್ಯಾನೇಜರು ಓದಿ, ಇದರಲ್ಲಿ ಜೀವ ಇದೆ ಎಂದರು. ಆ ಮಾತು ಕೇಳಿ ಖುಷಿಯಾಯಿತು. ಖುಷಿಯಾದದ್ದಕ್ಕೆ ಆಮೇಲೆ ಸ್ವಲ್ಪ ನಾಚಿಕೆಯೂ ಆಯಿತು, ಯಾಕೆಂದರೆ ಕಸ ಹೊತ್ತವರು ನೀವು, ಬೆನ್ನು ತಟ್ಟಿಸಿಕೊಂಡವಳು ನಾನು.

ಒಂದು ವಿಷಯ ಮನಸ್ಸಿಗೆ ಚುಚ್ಚಿತು. ಅಷ್ಟೊಂದು ಮನೆ ಖಾಲಿ ಬಿದ್ದಿವೆ ಎಂದು ನೀನು ಯಾವತ್ತೂ ಬರೆದಿರಲಿಲ್ಲ. ಹತ್ತರಲ್ಲಿ ಮೂರು! ಸಾಲಿನ ಬಗ್ಗೆ ನಾನು ಕೇಳುವುದನ್ನೇ ಬಿಟ್ಟಿದ್ದೆ, ಅದಕ್ಕೇ ನೀನು ಹೇಳುವುದನ್ನೂ ಬಿಟ್ಟೆಯೇನೋ ಅನ್ನಿಸಿತು. ಆದರೂ ಅದರಲ್ಲೊಂದು ದಾರಿ ಕಾಣುತ್ತದೆ. ಖಾಲಿ ಮನೆಗಳಿಗೆ ಮೊದಲು ಕೈಹಚ್ಚಿದರೆ ಕೆಲಸ ಬೇಗ ಸಾಗುತ್ತದೆ ಎಂದು ಶಿಫಾರಸು ಮಾಡಿದ್ದೇನೆ.

ಮುಂದಿನ ತಿಂಗಳು ಬರಲು ಪ್ರಯತ್ನಿಸುತ್ತೇನೆ. ಈ ವಾಕ್ಯವನ್ನು ನಾನು ಎಷ್ಟು ಸಲ ಬರೆದಿದ್ದೇನೆ ಎಂದು ನೀನು ಲೆಕ್ಕ ಇಟ್ಟಿಲ್ಲ ಎಂದು ನಂಬಿದ್ದೇನೆ.

ಪುಟ್ಟಿ


ಏಳನೇ ಸಾಲು, ಮನೆ ೧೪
ಫೆಬ್ರವರಿ ೨೦

ಪುಟ್ಟೀ,

ಯಾವ ಖಾಲಿ ಮನೆಗಳು?

ನಮ್ಮ ಮೂರು ಸಾಲಲ್ಲಿ ಖಾಲಿ ಇರುವುದು ಮೂರೇ, ಅವಕ್ಕೆ ಫಾರಂ ತುಂಬಿಯೇ ಇಲ್ಲ. ಟೈಲರ್ ತೀರಿಕೊಂಡ ಮನೆ, ಚಾವಣಿ ಕುಸಿದ ಒಂಬತ್ತನೆಯದು, ಆಮೇಲೆ ಆ ಜಗಳಗಂಟ ಅಣ್ಣತಮ್ಮಂದಿರು ಬೀಗದ ಮೇಲೆ ಬೀಗ ಹಾಕಿ ಬಿಟ್ಟದ್ದು. ನೀನು ಬೇರೆ ಯಾವುದೋ ಬಡಾವಣೆಯ ಕಾಗದ ನೋಡಿರಬೇಕು. ಸರಿಯಾಗಿ ನೋಡಿ ಬರೆ.

ಇಲ್ಲಿ ಹೊಸಬರು ಬಂದಿದ್ದಾರೆ. ಐದನೇ ಸಾಲಿನ ಎರಡನೇ ಮನೆಗೆ ಗಂಡ ಹೆಂಡತಿ, ಇಬ್ಬರೂ ಫೋಟೋ ತೆಗೆಯುವವರು. ಬಾಗಿಲಿಗೆ ನೀಲಿ ಬಣ್ಣ ಬಳಿದಿದ್ದಾರೆ. ಒಳ್ಳೆಯ ಮಕ್ಕಳೇ, ಕ್ಯಾಂಟೀನಿಗೆ ಬಂದು ಒಂದು ದಿನ ನೆಲ ಒರೆಸಿದರು. ಆದರೆ ಅವರ ಹಿಂದೆ ಇನ್ನೊಬ್ಬ ಬಂದ, ಅವನ ಹಿಂದೆ ಇನ್ನಿಬ್ಬರು. ಮಿಲ್ಲಿನ ಗೇಟಿನ ಪಕ್ಕ ಕಾಫಿ ಅಂಗಡಿ ತೆರೆದಿದೆ. ಒಳಗೆ ನಮ್ಮ ನೂಲು ಸುತ್ತುವ ಕಂಡಿಕೆಗಳನ್ನು ದೀಪದ ಬುಡ ಮಾಡಿ ಇಟ್ಟಿದ್ದಾರೆ. ಖಾಲಿಯಾದ ಕಂಡಿಕೆ ಎಸೆಯುವುದೇ ಕೆಲಸವಾಗಿತ್ತಲ್ಲ ನನಗೆ, ಅದಕ್ಕೆ ರೇಡಿಯೋಗೆ ಅಂದೆ, "ನೋಡೇ, ನಾನು ಒಂದು ಅರಮನೆಗಾಗೋಷ್ಟು ದೀಪ ಎಸೆದಿದ್ದೀನಿ."

"ನಿನ್ನನ್ನೂ ಒಂದಿನ ತಗೊಂಡೋಗಿ ಮೂಲೇಲಿ ನಿಲ್ಸಿ, ತಲೆ ಮೇಲೆ ಬಲ್ಬ್ ಹಾಕ್ತಾರೆ" ಅಂದಳು.

ನಗುತ್ತೇವೆ, ಆದರೆ ಒಳಗೆ ಏನೋ ಸರಿಯಿಲ್ಲ. ಟೈ ಕಟ್ಟಿದ ಇಬ್ಬರು ಬಂದು ನಮ್ಮ ಸೊಪ್ಪಿನ ಪಾತಿಯ ಫೋಟೋ ತೆಗೆದುಕೊಂಡು ಹೋದರು. ಬೂದಿ ಇದ್ದಾಗ ಒಬ್ಬರೂ ಬಂದಿರಲಿಲ್ಲ.

ಖಾಲಿ ಮನೆಯ ವಿಷಯ ತಿಳಿದು ಬರೆ. ಮರೆಯಬೇಡ.

ಅಕ್ಕ


ಏಳನೇ ಸಾಲು, ಮನೆ ೧೪
ಏಪ್ರಿಲ್ ೨

ಪುಟ್ಟೀ,

ಆರು ವಾರವಾಯಿತು. ನೀನು ಬರೆದಿಲ್ಲ.

ನಿನ್ನೆ ಬೆಳಿಗ್ಗೆ ಕೆಲಸ ಮುಗಿಸಿ ಬಂದರೆ ಬಾಗಿಲ ಮೇಲೆ ಕಾಗದ. ನಾನು ಒರೆಸದೆ ಹೋದ ಸೊನ್ನೆಯ ಮೇಲೆಯೇ ಅಂಟಿಸಿದ್ದಾರೆ. ಮಿಲ್ಲು ಮುಚ್ಚಿದಾಗ ಆದ ಒಪ್ಪಂದ ನಿನಗೂ ಗೊತ್ತು. ವಾಸವಿರುವವರೆಗೆ ಮನೆ ನಮ್ಮದು, ವಾಸವಿಲ್ಲದ ಮನೆ ಮಂಡಳಿಗೆ. ಈ ಮನೆಯಲ್ಲಿ ಯಾರೂ ವಾಸವಿಲ್ಲವೆಂದು ಸಮೀಕ್ಷೆಯಿಂದ ತಿಳಿದುಬಂದಿದೆಯಂತೆ. ಆದ್ದರಿಂದ ಮಂಡಳಿ ಇದನ್ನು ಹಿಂದಕ್ಕೆ ಪಡೆದು ಒಂದು ಕಂಪನಿಗೆ ವಹಿಸುತ್ತದಂತೆ. ತಕರಾರಿದ್ದರೆ ಮೇ ಹನ್ನೆರಡಕ್ಕೆ ವಿಚಾರಣೆ.

ನಾನು ಒಳಗೆ ಕೂತು, ಈ ಮನೆಯಲ್ಲಿ ಯಾರೂ ಇಲ್ಲ ಅನ್ನುವ ಕಾಗದವನ್ನು ಎರಡು ಸಲ ಓದಿದೆ.

ನಲವತ್ತೊಂದು ಮನೆಗೆ ಅಂಟಿಸಿದ್ದಾರೆ. ದಾದಿಯ ಮನೆಗೆ, ಬ್ರೆಡ್ ಮಾವನ ಮನೆಗೆ, ಗೋದಾಮಿನಲ್ಲಿ ಪಾರ್ಸಲ್ ಕಟ್ಟುವವರ ಮನೆಗಳಿಗೆ. ಎಲ್ಲರೂ ಒಂದೊಂದು ಮಾತು ಹೇಳಿದರು. ದಾದಿಯ ತಾಯಿ ಮಾತ್ರ ನನ್ನ ಮುಖದ ಮುಂದೆ ಬಂದು, ನನಗೆ ಕಾಣುವ ಹಾಗೆ ತುಟಿ ಬಿಡಿಸಿ ಕೇಳಿದಳು: "ನಲವತ್ತೊಂದು ನಮ್ಮ ಲೆಕ್ಕ ಅಲ್ವೇನಮ್ಮಾ?"

ಕಾಗದದ ಕೊನೆಯಲ್ಲಿ ನಿಮ್ಮ ಆಫೀಸಿನ ಹೆಸರಿದೆ.

ಅಕ್ಕ


ಏಪ್ರಿಲ್ ೯

ಅಕ್ಕಾ,

ಇದನ್ನು ನಾಲ್ಕನೇ ಸಲ ಬರೆಯುತ್ತಿದ್ದೇನೆ. ಮೊದಲಿನ ಮೂರರಲ್ಲಿ ವಿವರಣೆಗಳು ಹೆಚ್ಚಿದ್ದವು.

ಫಾರಂನಲ್ಲಿ ‘ಮನೆಯಲ್ಲಿ ವಾಸವಿರುವವರ ಸಂಖ್ಯೆ’ ಎಂಬ ಕಾಲಂ ಇತ್ತು. ಅದನ್ನು ಮಾಡಿದವಳು ನಾನೇ. ಅಲ್ಲಿ ನೀವು ಸೊನ್ನೆ ಹಾಕಿದ್ದಿರಿ. ನಾನು ಅದನ್ನು ಸೊನ್ನೆ ಎಂದು ಓದಿದೆ. ಯಾರೂ ಇಲ್ಲ ಎಂದು. ಕಂಪ್ಯೂಟರಿನಲ್ಲಿ ನೂರಾ ಮೂವತ್ತಾರು ಸಾಲುಗಳಲ್ಲಿ ಸೊನ್ನೆ ಇರುವವನ್ನೆಲ್ಲ ಒಟ್ಟಿಗೆ ಆರಿಸಿ, ಪಕ್ಕದಲ್ಲಿ ‘ವಾಸವಿಲ್ಲ’ ಎಂದು ತುಂಬಿಸಿದೆ. ಅರ್ಧ ನಿಮಿಷದ ಕೆಲಸ. ಅವುಗಳಲ್ಲಿ ಏಳನೇ ಸಾಲು, ಮನೆ ಹದಿನಾಲ್ಕೂ ಇತ್ತು. ಇಪ್ಪತ್ತು ವರ್ಷಗಳಿಂದ ಲಕೋಟೆಯ ಮೇಲೆ ನಾನು ಕೈಯಾರೆ ಬರೆಯುವ ವಿಳಾಸ. ಕಣ್ಣಿಗೆ ಬೀಳಲಿಲ್ಲ.

ನಿನ್ನ ಜನವರಿಯ ಕಾಗದವನ್ನು ಮತ್ತೆ ತೆಗೆದೆ. ಎಲ್ಲವೂ ಅದರಲ್ಲಿದೆ. ಸೊನ್ನೆ ಇದ್ದ ಬಾಗಿಲು ತಟ್ಟಲಿಲ್ಲ, ಬೇಕು ಅಂತ ಒಂದು ಸಾಲು ಬರೆ, ಆಮೇಲೆ ಕಳಿಸುತ್ತೇನೆ. ನಾನು ಪಾರಿವಾಳಗಳವರೆಗೆ ಓದಿ ನನ್ನ ಸ್ಟಾಪಿನಲ್ಲಿ ಇಳಿದಿದ್ದೆ. ಉಳಿದದ್ದನ್ನು ಮನೆಯಲ್ಲಿ ಓದೋಣ ಎಂದುಕೊಂಡೆ.

ಮರೆಯಬಾರದಾಗಿದ್ದ ವಿಷಯವೇ ಅದು. ಅಪ್ಪ ರಾತ್ರಿ ಪಾಳಿ ಮುಗಿಸಿ ಬಂದು, ಕಿಸೆಯಿಂದ ಸೀಮೆಸುಣ್ಣ ತೆಗೆದು, ಬಾಗಿಲ ಮೇಲೆ ದೊಡ್ಡ ಸೊನ್ನೆ ಎಳೆದು ಮಲಗುತ್ತಿದ್ದರು. ಒಳಗೆ ಪಾಳಿಯ ನಿದ್ದೆ ನಡೆದಿದೆ, ತಟ್ಟಬೇಡಿ ಎಂದು. ಸೊನ್ನೆ ಇದ್ದ ಮನೆಯ ಮುಂದೆ ನಾವು ಬಾಗಿಕೊಂಡು ಬೆಕ್ಕಿನ ಹಾಗೆ ನಡೆಯುತ್ತಿದ್ದೆವು. ಆರು ವರ್ಷದವಳಿದ್ದಾಗ ನಾನೊಮ್ಮೆ ಅದರೊಳಗೆ ಎರಡು ಕಣ್ಣು ಬರೆದಿದ್ದೆ. ಅಪ್ಪ ಎದ್ದು ಬಂದು, "ಯಾರೇ ಇದು, ನನ್ನ ನಿದ್ದೆ ಕಾಯೋಕೆ ಕೂತಿರೋದು?" ಎಂದಿದ್ದರು. ಹತ್ತನೇ ವರ್ಷಕ್ಕೆ ನಾನು ಇಂಗ್ಲಿಷ್ ಶಾಲೆಯ ಹಾಸ್ಟೆಲ್ಲಿಗೆ ಹೋದೆ. ನೀನು ನಿನ್ನ ಓದು ಬಿಟ್ಟು ಮಗ್ಗಕ್ಕೆ ಹೋದದ್ದು ಅದಾದ ಮೇಲೆ ಎಂದು ತುಂಬ ದಿನ ನಂಬಿದ್ದೆ. ಅದಕ್ಕೂ ಮೊದಲು, ನನ್ನ ಫೀಸಿಗಾಗಿ ಎಂದು ಈಗ ಗೊತ್ತು.

ಇಷ್ಟೇ ಆಗಿದ್ದರೆ ತಪ್ಪು ಎನ್ನಬಹುದಿತ್ತು. ಆದರೆ ಫೆಬ್ರವರಿಯಲ್ಲಿ ನೀನು ‘ಯಾವ ಖಾಲಿ ಮನೆಗಳು’ ಎಂದು ಕೇಳಿದೆಯಲ್ಲ, ಆ ಒಂದು ಸಾಲು ಓದಿದ ಕ್ಷಣವೇ ನನಗೆ ತಿಳಿಯಿತು. ಮ್ಯಾನೇಜರ ಹತ್ತಿರ ಹೋದೆ. "ವರದಿ ಹೋಗಿ ಆಯ್ತಲ್ಲ. ಮಂಡಳಿಯವರು ಹೇಗೂ ಪರಿಶೀಲನೆ ಮಾಡ್ತಾರೆ, ಬಿಡಿ" ಎಂದರು. ಬಿಟ್ಟೆ. ಪರಿಶೀಲನೆಯಲ್ಲಿ ತಾನಾಗಿ ಸರಿಹೋದರೆ ನಿನಗೆ ಹೇಳುವ ಪ್ರಮೇಯವೇ ಬರುವುದಿಲ್ಲ ಎಂದುಕೊಂಡೆ. ಆರು ವಾರ ನಾನು ಕಾದದ್ದು ಅದನ್ನೇ.

ನಿನ್ನ ಬೈಗುಳಕ್ಕೆ ಕಾಯುತ್ತಿದ್ದೇನೆ.

ಪುಟ್ಟಿ


ಏಳನೇ ಸಾಲು
ಏಪ್ರಿಲ್ ೧೫

ಬೈಯುವುದಕ್ಕೆ ಪುರುಸೊತ್ತಿಲ್ಲ. ವಿದ್ಯುತ್ ಬಿಲ್ಲು, ಆಸ್ಪತ್ರೆಯ ಗುರುತಿನ ಚೀಟಿ, ಹಾಲಿನವನ ಚೀಟಿ ಎಲ್ಲ ಹುಡುಕುತ್ತಿದ್ದೇವೆ. ಇದ್ದೇವೆ ಅಂತ ತೋರಿಸಲಿಕ್ಕೆ.

ಬ್ರೆಡ್ ಮಾವ ನಿನ್ನೆ ಬೀಗದ ಕೈ ಕೊಟ್ಟುಬಿಟ್ಟ. ಕಂಪನಿಯವನು ಬಂದು, ಈಗಲೇ ಬಿಟ್ಟರೆ ಊರಾಚೆ ಒಂದು ಕೋಣೆ ಕೊಡಿಸುತ್ತೇವೆ, ವಿಚಾರಣೆಯವರೆಗೆ ಕಾದರೆ ಅದೂ ಇಲ್ಲ ಅಂದನಂತೆ. "ವಯಸ್ಸಾಯ್ತಮ್ಮ, ನಂಗೆ ಜಗಳ ಆಗಲ್ಲ" ಅಂದ. ಹೋಗುವಾಗ ಬಾಗಿಲ ಮೇಲಿನ ಸೊನ್ನೆಯನ್ನು ತನ್ನ ಟವಲಿನಿಂದ ಒರೆಸಿ ಹೋದ.

ರೇಡಿಯೋ ನಾಲ್ಕು ದಿನದಿಂದ ಮಾತಾಡಿಲ್ಲ. ಸೊನ್ನೆಗಳನ್ನೆಲ್ಲ ಹಾಕಿದ್ದು ಅವಳ ಕೈ. "ನಾನೇ ಹಾಳು ಮಾಡ್ದೆ" ಅಂತ ಒಂದೇ ಮಾತು ಹೇಳಿ ಮುಖ ತಿರುಗಿಸುತ್ತಾಳೆ. ಮುಖ ತಿರುಗಿಸಿದರೆ ನನಗೆ ಏನು ಕೇಳಿಸುತ್ತದೆ?

ಅಕ್ಕ


ಏಪ್ರಿಲ್ ೨೮

ಅಕ್ಕಾ,

ವಿಚಾರಣೆಗೆ ನಮ್ಮ ಆಫೀಸಿನ ಪರವಾಗಿ ನಾನೇ ಬರಬೇಕಂತೆ. ವರದಿ ಬರೆದವಳು ನಾನು, ಆ ಜಾಗ ಗೊತ್ತಿರುವವಳೂ ನಾನು. ಓದಬೇಕಾದ ಹೇಳಿಕೆಯನ್ನು ಬರೆದುಕೊಟ್ಟಿದ್ದಾರೆ. ಒಂದೇ ಪುಟ. ಅದರಲ್ಲಿ ಒಂದು ವಾಕ್ಯ ಹೀಗಿದೆ: ‘ಮಾಹಿತಿ ಸಂಗ್ರಹಿಸಿದ ಸ್ಥಳೀಯ ಮಹಿಳೆಯರಿಗೆ ಸೂಕ್ತ ತರಬೇತಿ ಇಲ್ಲದ ಕಾರಣ ನಮೂದಿನಲ್ಲಿ ಲೋಪಗಳಾಗಿರುವ ಸಾಧ್ಯತೆ ಇದೆ.’

ಅದನ್ನು ಓದಿದರೆ ನೋಟಿಸುಗಳನ್ನು ಹಿಂತೆಗೆಯಬಹುದು, ಹಿಂತೆಗೆಯದೆಯೂ ಇರಬಹುದು. ಆಫೀಸು ಉಳಿಯುತ್ತದೆ, ನಾನೂ ಉಳಿಯುತ್ತೇನೆ. ಆದರೆ ಕಾಗದದಲ್ಲಿ ಶಾಶ್ವತವಾಗಿ ಉಳಿಯುವುದು, ನಿಮಗೆ ಬರೆಯಲು ಬರಲಿಲ್ಲ ಎಂಬುದು. ನಾಳೆ ಕ್ಯಾಂಟೀನಿನ ವಿಷಯಕ್ಕೋ ಚಾವಣಿಯ ವಿಷಯಕ್ಕೋ ನೀವು ಏನು ಬರೆದುಕೊಟ್ಟರೂ ಇದನ್ನೇ ತೋರಿಸುತ್ತಾರೆ. ಒಪ್ಪಿ ಓದಲೂ ಆಗುತ್ತಿಲ್ಲ, ಹರಿದು ಹಾಕುವ ಧೈರ್ಯವೂ ಇಲ್ಲ. ಪುಟವನ್ನು ಚೀಲದಲ್ಲಿಟ್ಟುಕೊಂಡು ಓಡಾಡುತ್ತಿದ್ದೇನೆ. ಊಟದ ಡಬ್ಬಿಯ ಎಣ್ಣೆ ಹತ್ತಿ ಒಂದು ಮೂಲೆ ಆಗಲೇ ಪಾರದರ್ಶಕವಾಗಿದೆ.

ಇದನ್ನೆಲ್ಲ ನಿನಗೆ ಬರೆಯುವುದು ಯಾಕೆ? ನೀನು ಬೇಡ ಎನ್ನಲಿ, ಆಗ ನಿರ್ಧಾರ ನಿನ್ನದಾಗಲಿ ಎಂಬ ಆಸೆಯಿಂದಲೇ? ಹಾಗಿದ್ದರೆ ಉತ್ತರ ಬರೆಯಬೇಡ.

ಪುಟ್ಟಿ


ಏಳನೇ ಸಾಲು, ಮನೆ ೧೪
ಮೇ ೧೭

ಪುಟ್ಟೀ,

ಉತ್ತರ ಬರೆಯಬೇಡ ಅಂದೆ, ಬರೆಯಲಿಲ್ಲ. ಈಗ ಬರೆಯುತ್ತಿದ್ದೇನೆ.

ವಿಚಾರಣೆಯ ದಿನ ನಾವು ಅರವತ್ತು ಜನ ಬಂದಿದ್ದೆವು. ಗೋದಾಮಿನವರು ನಿದ್ದೆಗೆಟ್ಟು ಬಂದವರು, ಕುರ್ಚಿಯಲ್ಲೇ ತೂಗುತ್ತಿದ್ದರು. ಒಬ್ಬ ಅಧಿಕಾರಿ ಅವರನ್ನು ನೋಡಿ ಪಕ್ಕದವನಿಗೆ, "ಮಲಗೋಕೆ ಬಂದಿದ್ದಾರೇನ್ರೀ?" ಅಂದ. ಪಿಸುಮಾತೇ ಇರಬೇಕು, ಆದರೆ ನನಗೆ ಪಿಸುಮಾತೂ ಕೂಗೂ ಒಂದೇ ಅಲ್ಲವೇ. ದೂರದಿಂದ ತುಟಿ ಓದುವ ನಾಲ್ಕೈದು ಮಗ್ಗದ ಹೆಂಗಸರು ಅಲ್ಲಿದ್ದೆವು, ಎಲ್ಲರೂ ಒಟ್ಟಿಗೆ ಅವನನ್ನು ಗುರಾಯಿಸಿದೆವು. ಪಾಪ, ಅವನಿಗೆ ಏನೂ ಅರ್ಥವಾಗಲಿಲ್ಲ.

ನೀನು ಎದ್ದು ಮುಂದೆ ಹೋದೆ. ಬೂದು ಸೀರೆ. ಕೂದಲು ಅಷ್ಟು ನೆರೆತದ್ದು ಯಾವಾಗ? ನೀನು ನಿಂತದ್ದು ಅವರ ಕಡೆ ಮುಖ ಮಾಡಿ. ನನಗೆ ನಿನ್ನ ಬೆನ್ನು ಮಾತ್ರ.

ನೀನು ಕೈಯಲ್ಲಿದ್ದ ಪುಟವನ್ನು ಮೇಜಿನ ಮೇಲೆ ಮಗುಚಿ ಇಟ್ಟದ್ದು ಕಂಡಿತು. ಆಮೇಲೆ ನಡುವೆ ಕೂತಿದ್ದ ಅಧಿಕಾರಿಯ ಬಾಯಿ, "ಇವರು ನಮ್ಮ ಕಡೆಯವರಲ್ವಾ?" ಅಂದದ್ದು ಕಂಡಿತು. ನಿಮ್ಮ ಮ್ಯಾನೇಜರ ಕತ್ತು ಕೆಂಪಗಾದದ್ದು ಕಂಡಿತು. ಪಕ್ಕದಲ್ಲಿ ಕೂತಿದ್ದ ರೇಡಿಯೋ ಬಾಯಿಗೆ ಸೆರಗು ಒತ್ತಿಕೊಂಡು ಅಳತೊಡಗಿದಳು. ಒಂದು ತಿಂಗಳಿಂದ ಬಾಯಿ ಬಿಡದವಳು ಈಗಲಾದರೂ ಏನಾದರೂ ಹೇಳುತ್ತಾಳೆ ಅಂದರೆ ಅವಳ ಬಾಯಿಯೂ ಮುಚ್ಚಿತ್ತು. ಎಲ್ಲರ ಮುಖದಲ್ಲೂ ನಿನ್ನ ಮಾತು ಕಾಣುತ್ತಿತ್ತು, ನಿನ್ನ ಮಾತು ಮಾತ್ರ ಕಾಣಲಿಲ್ಲ.

ಆದದ್ದು ನಿನಗೆ ತಿಳಿದಿರಬಹುದು. ನೋಟಿಸು ನಿಂತಿದೆ, ರದ್ದಾಗಿಲ್ಲ. ಮಂಡಳಿಯವರು ಮತ್ತೊಮ್ಮೆ ಎಣಿಸಬೇಕಂತೆ, ಅದೂ ಸಂಜೆ, ಮಲಗಿದವರು ಎದ್ದ ಮೇಲೆ, ನಮ್ಮವರೊಬ್ಬರು ಜೊತೆಗಿದ್ದು. ರೇಡಿಯೋಳನ್ನೇ ಕಳಿಸುತ್ತೇವೆ. ಬ್ರೆಡ್ ಮಾವನ ಮನೆ ಹೋಯಿತು. ಅವನೇ ಬರೆದುಕೊಟ್ಟದ್ದರಿಂದ ಏನೂ ಮಾಡಲಾಗುವುದಿಲ್ಲವಂತೆ. ಆಗಲೇ ಒಳಗೋಡೆ ಕೆಡವುತ್ತಿದ್ದಾರೆ. ನೆಲ ಅದುರುವುದು ನನ್ನ ಕಾಲಿಗೆ ತಿಳಿಯುತ್ತದೆ.

ಇರಲಿ. ಇನ್ನೊಂದು ವಿಷಯ. ವಿಚಾರಣೆ ಮುಗಿದ ಮೇಲೆ ನೀನು ಪಕ್ಕದ ಬಾಗಿಲಿಂದ ಹೊರಟು ಮಧ್ಯಾಹ್ನದ ಬಸ್ಸು ಹಿಡಿದೆಯಂತೆ. ಆ ಸಭಾಂಗಣದಿಂದ ನಮ್ಮ ಮನೆಗೆ ಹತ್ತು ನಿಮಿಷ. ನಾನು ಅನ್ನ ಮಾಡಿಟ್ಟು ಬಂದಿದ್ದೆ, ಇಬ್ಬರಿಗೆ ಆಗುವಷ್ಟು.

ನೀನು ಏನು ಹೇಳಿದೆ ಅಂತ ಸಾಲಿನವರೆಲ್ಲ ನನಗೆ ಹೇಳಿದ್ದಾರೆ. ಒಬ್ಬೊಬ್ಬರು ಒಂದೊಂದು ಥರ. ದಾದಿಯ ತಾಯಿಯ ಪ್ರಕಾರ ನೀನು ಅಧಿಕಾರಿಗೆ ಬೈದೆ, ರೇಡಿಯೋ ಪ್ರಕಾರ ಭಾಷಣ ಮಾಡಿದೆ. ನನಗೆ ಅವರ ಬಾಯಿಂದ ಬೇಡ. ನೀನು ಆಡಿದ ಮಾತು ಆಡಿದ ಹಾಗೆಯೇ ಬರೆದು ಕಳಿಸು.

ಅಕ್ಕ


ಮೇ ೨೪

ಅಕ್ಕಾ,

ಬೈಯಲೂ ಇಲ್ಲ, ಭಾಷಣವನ್ನೂ ಮಾಡಲಿಲ್ಲ. ಎರಡು ಸಲ ನಿಲ್ಲಿಸಿ ನೀರು ಕುಡಿದೆ. ನೆನಪಿರುವಷ್ಟು ಹೀಗೆ:

"ಫಾರಂ ತುಂಬಿದ ಹೆಂಗಸರು ತಪ್ಪು ಬರೆದಿಲ್ಲ. ಸೊನ್ನೆ ಅಂದರೆ ಆ ಸಾಲುಗಳಲ್ಲಿ, ಒಳಗೆ ದುಡಿದು ಬಂದವರು ಮಲಗಿದ್ದಾರೆ ಎಂದು ಅರ್ಥ. ಅದು ಅಲ್ಲಿಯ ಮಕ್ಕಳಿಗೂ ಗೊತ್ತು. ನಾನು ಅಲ್ಲಿಯೇ ಹುಟ್ಟಿದವಳು. ಅವರು ಸರಿಯಾಗಿ ಬರೆದದ್ದನ್ನು ನಾನು ತಪ್ಪಾಗಿ ಓದಿದೆ. ತಪ್ಪು ಎಂದು ಗೊತ್ತಾದ ಮೇಲೂ ಆರು ವಾರ ಸುಮ್ಮನಿದ್ದೆ. ಹದಿನಾಲ್ಕನೇ ಮನೆಯಲ್ಲಿ ವಾಸವಿರುವವರು ನನ್ನ ಅಕ್ಕ. ಅವರು ಈಗ ಇದೇ ಕೋಣೆಯಲ್ಲಿ, ನನ್ನ ಹಿಂದೆ ಕೂತಿದ್ದಾರೆ."

ಇಷ್ಟೇ. ಕೊನೆಯ ವಾಕ್ಯ ಹೇಳುವಾಗ ತಿರುಗಬೇಕಿತ್ತು. ನಿನಗೆ ಕಾಣಬೇಕಾದರೆ ತಿರುಗಲೇಬೇಕು ಎಂದು ಆ ಕ್ಷಣದಲ್ಲಿ ನನಗೆ ಚೆನ್ನಾಗಿ ಗೊತ್ತಿತ್ತು. ತಿರುಗಿದರೆ ನಿನ್ನ ಮುಖ ನೋಡಬೇಕಾಗುತ್ತಿತ್ತು. ಅಧಿಕಾರಿಗಳ ಮುಖ ಸುಲಭವಿತ್ತು. ಮನೆಗೆ ಬಾರದೆ ಬಸ್ಸು ಹತ್ತಿದ್ದೂ ಅದಕ್ಕೇ. ಬಸ್ಸಿನಲ್ಲಿ ಕೂತ ಮೇಲೆ, ನಾನು ದೊಡ್ಡ ತ್ಯಾಗ ಮಾಡಿದವಳ ಹಾಗೆ ಸ್ವಲ್ಪ ಹೊತ್ತು ಅತ್ತೆ. ಆಮೇಲೆ ಬ್ರೆಡ್ ಮಾವನ ಟವಲು ನೆನಪಾಯಿತು, ಅಳು ನಿಂತಿತು.

ಆಫೀಸಿನವರು ಮನೆಯಲ್ಲೇ ಇರಲು ಹೇಳಿದ್ದಾರೆ. ಎಷ್ಟು ದಿನ ಎಂದು ಹೇಳಿಲ್ಲ. ಇಲ್ಲಿ ಹಗಲು ತುಂಬ ಉದ್ದ. ಕಿಟಕಿಯಿಂದ ಎದುರಿನ ಕಟ್ಟಡಗಳನ್ನು ನೋಡುತ್ತಾ, ಇವುಗಳಲ್ಲಿ ಎಷ್ಟನ್ನು ನನ್ನ ವರದಿಗಳು ಎಬ್ಬಿಸಿರಬಹುದು, ಅದಕ್ಕೂ ಮೊದಲು ಅಲ್ಲಿ ಯಾರ ಬಾಗಿಲಿತ್ತು, ಅದರ ಮೇಲೆ ಯಾವ ಗುರುತಿತ್ತು ಎಂದು ಯೋಚಿಸುತ್ತಿರುತ್ತೇನೆ. ಎಲ್ಲವೂ ಹದಿನೇಳು ವರ್ಷ ನನಗೆ ಅಂಕಿಗಳಾಗಿ ಬಂದವು. ಯಾವುದನ್ನೂ ನಾನು ಎರಡನೇ ಸಲ ಓದಲಿಲ್ಲ.

ಮರುಸಮೀಕ್ಷೆಗೆ ಜೊತೆಯಲ್ಲಿ ಬರಲೇ ಎಂದು ಕೇಳುವ ಹಕ್ಕು ನನಗಿಲ್ಲ. ರೇಡಿಯೋ ಹೋಗಲಿ. ಅವಳ ಪೆನ್ಸಿಲನ್ನು ಚೂಪು ಮಾಡಿಕೊಡುವ ಕೆಲಸವಿದ್ದರೆ ನನಗೆ ಕೊಡಿ.

ಶುಕ್ರವಾರ ಹೊರಡುತ್ತೇನೆ. ಈ ಸಲ ಟಿಕೆಟ್ಟು ತೆಗೆದುಕೊಂಡು ಆಮೇಲೆ ಬರೆಯುತ್ತಿದ್ದೇನೆ. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಅಲ್ಲಿರುತ್ತೇನೆ. ನೀನು ಆಗಷ್ಟೇ ಆಸ್ಪತ್ರೆಯಿಂದ ಬಂದು ಮಲಗಿರುತ್ತೀಯ. ಚೌಕಟ್ಟಿನ ಆ ದಾರ ಇನ್ನೂ ಹಾಗೆಯೇ ಇದೆಯಲ್ಲವೇ, ಹೊರಗಿನಿಂದ ಎಳೆದರೆ ಒಳಗೆ ನಿನ್ನ ಕಣ್ಣಿಗೆ ಕಾಣುವಂತೆ ಕಂಡಿಕೆ ಕುಣಿಯುವುದು?

ಬಾಗಿಲ ಮೇಲೆ ಸೊನ್ನೆ ಇದ್ದರೆ ಎಳೆಯುವುದಿಲ್ಲ. ನೀನು ಏಳುವವರೆಗೆ ಮೆಟ್ಟಿಲ ಮೇಲೆ ಕೂತಿರುತ್ತೇನೆ.

ನಿನ್ನ
ಪುಟ್ಟಿ